ಕಾವಲುಗಾರನೇ ಕಾಗದ ಒಡೆದರೆ?

ತಿಂಗಳ ಕೊನೆ. ಕರೆಂಟ್ ಬಿಲ್ಲಿಗೆ ನಾಳೆಯೇ ಗಡುವು. ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತೀರಿ. ಬ್ಯಾಂಕಿನ ವಿಳಾಸ ಒತ್ತುತ್ತೀರಿ. ದಿನವೂ ಬರುವ ಪುಟ ಇಂದು ಬರುವುದಿಲ್ಲ. ಬದಲಿಗೆ ಕೆಂಪಗೊಂದು ತ್ರಿಕೋನ, ಕೆಳಗೆ ಇಂಗ್ಲಿಷಿನಲ್ಲಿ ‘ಯುವರ್ ಕನೆಕ್ಷನ್ ಈಸ್ ನಾಟ್ ಪ್ರೈವೇಟ್’. ಅಂದರೆ ನಿಮ್ಮ ಸಂಪರ್ಕದಲ್ಲಿ ಗುಟ್ಟು ಉಳಿದಿಲ್ಲ, ಯಾರೋ ನಿಮ್ಮ ಪಾಸ್‌ವರ್ಡ್ ಕದಿಯುತ್ತಿರಬಹುದು ಅಂತ!

ಎದೆ ಧಸಕ್ಕೆನ್ನದೆ ಇರುತ್ತದೆಯೇ?

“ಏನ್ರೀ ಇದು, ಸ್ವಲ್ಪ ಬನ್ನಿ” ಎಂದು ಯಜಮಾನರನ್ನು ಕರೆದರೆ, ಅವರು ಪೇಪರಿನಿಂದ ತಲೆ ಎತ್ತದೆ “ಬ್ಯಾಂಕಿನವರದ್ದೇ ಏನೋ ಕೆಟ್ಟಿರಬೇಕು, ನಾಳೆ ನೋಡೋಣ ಬಿಡು” ಅನ್ನುತ್ತಾರೆ. ಕಾಲೇಜಿಗೆ ಹೋಗುವ ಮಗರಾಯ “ಅಯ್ಯೋ ಅಮ್ಮಾ, ಕೆಳಗೆ ಅಡ್ವಾನ್ಸ್‌ಡ್ ಅಂತಿದೆಯಲ್ಲ, ಅದನ್ನ ಒತ್ತಿ ಮುಂದಕ್ಕೆ ಹೋಗು” ಅಂತ ಹೇಳಿ ಹೊರಟೇಬಿಡುತ್ತಾನೆ. ಕಂಪ್ಯೂಟರ್ ಅಂಗಡಿಗೆ ಫೋನ್ ಮಾಡಿದರೆ “ಫಾರ್ಮ್ಯಾಟ್ ಮಾಡಬೇಕು ಆಂಟಿ, ತಂದುಬಿಡಿ.”

ಮೂವರದೂ ಮೂರು ದಾರಿ. ಆದರೆ ಕೇಳಲೇಬೇಕಾದ ಪ್ರಶ್ನೆಯನ್ನು ಮೂವರೂ ಕೇಳಲಿಲ್ಲ: ಈಗ ಬಂದಿರುವ ಸರ್ಟಿಫಿಕೇಟಿಗೆ ರುಜು ಹಾಕಿದವರು ಯಾರು? ಕೇಳಿದ್ದರೆ ಎಷ್ಟೋ ಮನೆಗಳಲ್ಲಿ ಒಂದು ಸೋಜಿಗದ ಸಂಗತಿ ಹೊರಬೀಳುತ್ತಿತ್ತು. ತಂಟೆಯ ಮೂಲ ಬ್ಯಾಂಕೂ ಅಲ್ಲ, ಹೊರಗಿನ ಕಳ್ಳನೂ ಅಲ್ಲ. ಕಳ್ಳ ಬಾರದಿರಲಿ ಎಂದು ನಾವೇ ದುಡ್ಡು ಕೊಟ್ಟು ತಂದಿಟ್ಟುಕೊಂಡ ಆಂಟಿವೈರಸ್!

ಹೆಸರು, ತಾರೀಖು, ರುಜು

ಮೊದಲು ಈ ಸರ್ಟಿಫಿಕೇಟ್ ಅಂದರೇನು ನೋಡೋಣ. ನೀವು ಟೈಪ್ ಮಾಡಿದ ಪಾಸ್‌ವರ್ಡ್ ನೇರವಾಗಿ ಬ್ಯಾಂಕಿಗೆ ಹಾರಿಹೋಗುವುದಿಲ್ಲ. ಮನೆಯ ವೈಫೈ ಪೆಟ್ಟಿಗೆ, ಬೀದಿಯ ಕೇಬಲ್, ಇಂಟರ್‌ನೆಟ್ ಕಂಪನಿ ಎಂದು ಹತ್ತಾರು ಕೈ ದಾಟಿ ಹೋಗುತ್ತದೆ. ದಾರಿಯಲ್ಲಿ ಯಾರೂ ಓದದಿರಲೆಂದು ಅದನ್ನು ಗೂಢಲಿಪಿಗೆ ಬದಲಿಸಿ ಕಳಿಸುತ್ತಾರೆ. ವಿಳಾಸದ ಮೊದಲಲ್ಲಿ ‘ಎಚ್‌ಟಿಟಿಪಿಎಸ್’ ಅಂತಿರುತ್ತದಲ್ಲ, ಆ ಕೊನೆಯ ‘ಎಸ್’ ಅಕ್ಷರ ಹೇಳುವುದು ಇದನ್ನೇ.

ಆದರೆ ಗೂಢಲಿಪಿಯೊಂದೇ ಸಾಲದು. ಆ ತುದಿಯಲ್ಲಿ ಕುಳಿತವನೇ ವೇಷಧಾರಿಯಾಗಿದ್ದರೆ? ಗುಟ್ಟನ್ನೆಲ್ಲ ಭದ್ರವಾಗಿ ಕಟ್ಟಿ ಕಳ್ಳನ ಕೈಗೇ ಕೊಟ್ಟಂತಾಯಿತು. ಮಗಳಿಗೆ ಸಂಬಂಧ ಬಂದಾಗ ನಾವೇನು ಮಾಡುತ್ತೇವೆ? ಹುಡುಗ ಇಂಥ ಕಡೆ ಕೆಲಸದಲ್ಲಿದ್ದೇನೆ ಎಂದು ತಾನೇ ಹೇಳಿಕೊಂಡರೆ ನಂಬುತ್ತೇವೆಯೇ? ನಮಗೂ ಗೊತ್ತಿರುವ ಯಾರಾದರೂ ದೊಡ್ಡವರು “ಹೌದು, ನನಗೆ ಗೊತ್ತಿರುವ ಮನೆ” ಅನ್ನಬೇಕು. ಇಲ್ಲಿಯೂ ಅಷ್ಟೇ. ಬ್ಯಾಂಕಿನ ತಾಣ ತನ್ನ ಸರ್ಟಿಫಿಕೇಟನ್ನು ತೋರಿಸುತ್ತದೆ. ಅದಕ್ಕೆ ರುಜು ಹಾಕುವ ದೊಡ್ಡವರೆಂದರೆ ಡಿಜಿಸರ್ಟ್, ಗ್ಲೋಬಲ್‌ಸೈನ್, ಲೆಟ್ಸ್ ಎನ್‌ಕ್ರಿಪ್ಟ್ ಮುಂತಾದ ಸಂಸ್ಥೆಗಳು. ಇಂಥವರ ಪಟ್ಟಿಯೊಂದು ನಿಮ್ಮ ಕಂಪ್ಯೂಟರಿನಲ್ಲಿ ಮೊದಲೇ ಇರುತ್ತದೆ.

ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಮುಂತಾದ ಬ್ರೌಸರುಗಳು ಕಣ್ಣು ಮಿಟುಕಿಸುವುದರೊಳಗೆ ಮೂರು ಸಂಗತಿ ನೋಡುತ್ತವೆ. ಸರ್ಟಿಫಿಕೇಟಿನ ಮೇಲಿನ ಹೆಸರೂ ನೀವು ಒತ್ತಿದ ವಿಳಾಸವೂ ಒಂದೇ ಏನು? ಅವಧಿ ಮುಗಿದಿಲ್ಲವಷ್ಟೆ? ರುಜು ಹಾಕಿದವರು ಪಟ್ಟಿಯಲ್ಲಿದ್ದಾರೆಯೇ? ಮೂರರಲ್ಲಿ ಒಂದು ತಪ್ಪಿದರೂ ಆ ಕೆಂಪು ತ್ರಿಕೋನ!

ಪಟ್ಟಿಯಲ್ಲಿರುವವರೆಲ್ಲ ಸತ್ಯಹರಿಶ್ಚಂದ್ರರೇನಲ್ಲ, ಅದು ಬೇರೆ ಮಾತು. ನಮ್ಮ ದೇಶದಲ್ಲೇ 2014ರ ಜುಲೈನಲ್ಲಿ ಒಂದು ಪ್ರಕರಣ ನಡೆಯಿತು. ಕೇಂದ್ರ ಸರ್ಕಾರದ ನ್ಯಾಷನಲ್ ಇನ್‌ಫರ್ಮ್ಯಾಟಿಕ್ಸ್ ಸೆಂಟರ್ ಕಡೆಯಿಂದ ಗೂಗಲ್ ತಾಣಗಳ ಹೆಸರಿನಲ್ಲಿ, ಗೂಗಲ್‌ಗೆ ಗೊತ್ತೇ ಇಲ್ಲದ ಸರ್ಟಿಫಿಕೇಟುಗಳು ಹೊರಬಿದ್ದಿದ್ದವು. ಗೂಗಲ್ ಕಂಡುಹಿಡಿದು ತಿಳಿಸಿದ ಮೇಲೆ ಮೇಲಿನ ಅಧಿಕಾರಿಗಳು ಆ ಕೇಂದ್ರದ ರುಜುವಿನ ಹಕ್ಕನ್ನು ಕೂಡಲೇ ರದ್ದು ಮಾಡಿದರು. ಅಪರೂಪದ ಸಂಗತಿ ನಿಜ. ಆದರೆ ಬ್ರೌಸರು ಯಾಕಿಷ್ಟು ಮಡಿವಂತಿಕೆ ಮಾಡುತ್ತದೆ ಎಂಬುದಕ್ಕೆ ಅಷ್ಟು ಸಾಕು.

ಹಾಸ್ಟೆಲ್ ವಾರ್ಡನ್ನಿನ ಕಥೆ

ಇನ್ನು ಆಂಟಿವೈರಸ್ಸಿನ ವಿಚಾರಕ್ಕೆ ಬರೋಣ. ಹಿಂದೆ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಕೆಲವು ವಾರ್ಡನ್ನಮ್ಮಂದಿರು ಹುಡುಗಿಯರಿಗೆ ಬಂದ ಕಾಗದಗಳನ್ನು ತಾವು ಒಡೆದು ಓದಿಯೇ ಕೊಡುತ್ತಿದ್ದರು. ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಉದ್ದೇಶ ಒಳ್ಳೆಯದೇ, ಹುಡುಗಿ ಯಾರ ಬಲೆಗೂ ಬೀಳದಿರಲಿ ಅಂತ. ಈಗ ಆ ವಾರ್ಡನ್ನಮ್ಮ ಓದಿದ ಕಾಗದವನ್ನು ಬೇರೊಂದು ಲಕೋಟೆಗೆ ಹಾಕಿ, ತಾವೇ ಅಂಟಿಸಿ, ಮೇಲೆ ‘ತಂದೆಯವರಿಂದ’ ಎಂದು ತಮ್ಮ ಕೈಬರಹದಲ್ಲೇ ಬರೆದು ಕೊಟ್ಟರೆ ಹೇಗೆ? ಒಳಗಿನ ಕಾಗದ ಅಪ್ಪನದೇ. ಆದರೆ ಹುಡುಗಿ ಜಾಣೆಯಾಗಿದ್ದರೆ “ಇದು ನಮ್ಮಪ್ಪನ ಅಕ್ಷರ ಅಲ್ಲ” ಎಂದು ಲಕೋಟೆ ಮುಟ್ಟಲೂ ಹಿಂಜರಿಯುತ್ತಾಳೆ.

ಆಂಟಿವೈರಸ್ ಮಾಡುವುದು ಚಾಚೂ ತಪ್ಪದೆ ಇದನ್ನೇ. ಈಗ ಬಹುಪಾಲು ತಾಣಗಳು ಗೂಢಲಿಪಿಯಲ್ಲೇ ಬರುವುದರಿಂದ ಒಳಗೆ ವೈರಸ್ ಅಡಗಿದ್ದರೂ ಹೊರಗಿನಿಂದ ಕಾಣುವುದಿಲ್ಲ. ಅದಕ್ಕಾಗಿ ಆಂಟಿವೈರಸ್ ನಿಮ್ಮ ಬ್ರೌಸರಿಗೂ ಆ ತಾಣಕ್ಕೂ ನಡುವೆ ಬಂದು ಕೂರುತ್ತದೆ. ತಾಣದ ಜೊತೆ ನಿಮ್ಮ ಬದಲು ತಾನು ಮಾತಾಡುತ್ತದೆ, ಬಂದ ಪುಟವನ್ನು ಬಿಚ್ಚಿ ನೋಡುತ್ತದೆ, ಆಮೇಲೆ ಆ ತಾಣದ ಹೆಸರಿನಲ್ಲಿ ತಾನೇ ಒಂದು ಸರ್ಟಿಫಿಕೇಟ್ ಬರೆದು, ತಾನೇ ರುಜು ಹಾಕಿ ಬ್ರೌಸರಿಗೆ ದಾಟಿಸುತ್ತದೆ. ಇದೆಲ್ಲ ನಿಮ್ಮ ಕಂಪ್ಯೂಟರಿನ ಒಳಗೇ ನಡೆಯುವ ಕಾರುಬಾರು. ಕೆಲವು ಆಂಟಿವೈರಸ್‌ಗಳು ಬ್ಯಾಂಕಿನ ತಾಣಗಳನ್ನು ಮಾತ್ರ ಈ ತಪಾಸಣೆಯಿಂದ ಬಿಡುವುದೂ ಉಂಟು.

ಬ್ರೌಸರ್ ನಂಬಬೇಕಲ್ಲ? ಆದ್ದರಿಂದ ಆಂಟಿವೈರಸ್ ಹಾಕಿದ ದಿನವೇ ಅದು ತನ್ನ ಹೆಸರನ್ನೂ ವಿಂಡೋಸ್‌ನ ದೊಡ್ಡವರ ಪಟ್ಟಿಗೆ ಸೇರಿಸಿಬಿಟ್ಟಿರುತ್ತದೆ. ಕ್ರೋಮ್, ಎಡ್ಜ್ ಅದನ್ನು ಒಪ್ಪಿಕೊಳ್ಳುತ್ತವೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಎಲ್ಲೋ ಎಡವಿದಾಗ. ಆಂಟಿವೈರಸ್ಸಿನ ಅವಧಿ ಮುಗಿದು ಹಳತಾಗಿ ಕೂತಿರುತ್ತದೆ, ಅಥವಾ ತೆಗೆದುಹಾಕಿದರೂ ಅರ್ಧಂಬರ್ಧ ಉಳಿದುಕೊಂಡಿರುತ್ತದೆ, ಇಲ್ಲವೆ ಬ್ರೌಸರ್ ಹೊಸ ಆವೃತ್ತಿಗೆ ಬದಲಾಗಿ ಇಬ್ಬರ ನಡುವಿನ ಒಪ್ಪಂದ ಮುರಿದಿರುತ್ತದೆ.

ಇದರಲ್ಲಿ ಹೆಚ್ಚು ಜಗಳ ಮಾಡಿದ್ದು ಫೈರ್‌ಫಾಕ್ಸ್. ಕಥೆಯ ಜಾಣ ಹುಡುಗಿ ಅಂತಲೇ ಇಟ್ಟುಕೊಳ್ಳಿ. ವಿಂಡೋಸ್‌ನ ಪಟ್ಟಿ ನನಗೆ ಬೇಡ ಎಂದು ಅದು ತನ್ನದೇ ಪಟ್ಟಿ ಇಟ್ಟುಕೊಂಡಿತ್ತು. 2019ರ ಜನವರಿ ಕೊನೆಯಲ್ಲಿ ಅದರ 65ನೇ ಆವೃತ್ತಿ ಬಂದಾಗ, ಅವಾಸ್ಟ್ ಮತ್ತು ಎವಿಜಿ ಆಂಟಿವೈರಸ್ ಇದ್ದವರಿಗೆ ಯಾವ ತಾಣ ತೆರೆದರೂ ಎಚ್ಚರಿಕೆಯ ಪುಟವೇ! ಕೊನೆಗೆ ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಸಂಸ್ಥೆ ವಿಂಡೋಸ್‌ಗೆ ಆ ಆವೃತ್ತಿ ತಾನಾಗಿ ಹೋಗುವುದನ್ನೇ ಕೆಲಕಾಲ ತಡೆಹಿಡಿಯಿತು. ಆಂಟಿವೈರಸ್ ಕಂಪನಿಯವರು ಫೈರ್‌ಫಾಕ್ಸ್‌ನಲ್ಲಿ ಕಾಗದ ಒಡೆಯುವುದನ್ನು ನಿಲ್ಲಿಸಿದರು. ಅದೇ ವರ್ಷ ಜುಲೈನಲ್ಲಿ ಬಂದ 68ನೇ ಆವೃತ್ತಿ ಸ್ವಲ್ಪ ಸಡಿಲವಾಯಿತು. ಇಂಥ ತೊಡಕು ಕಂಡರೆ ವಿಂಡೋಸ್‌ನ ಪಟ್ಟಿಯನ್ನೂ ನೋಡಿ ಇನ್ನೊಮ್ಮೆ ಪ್ರಯತ್ನಿಸುವ ಏರ್ಪಾಡು ಅದರಲ್ಲಿತ್ತು.

ಒಡೆದು ನೋಡಿದರೆ ತಪ್ಪೇನು?

“ನಮ್ಮ ಒಳ್ಳೆಯದಕ್ಕೇ ತಾನೇ? ನೋಡಿಕೊಳ್ಳಲಿ ಬಿಡಿ” ಅನ್ನುವವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಕಾಗದ ಒಡೆಯುವ ಅಧಿಕಾರ ಒಬ್ಬರಿಗೆ ಕೊಟ್ಟಿರೋ, ಆ ಅಧಿಕಾರದ ಮೊಹರು ಇನ್ಯಾರದೋ ಕೈಗೆ ಸಿಕ್ಕರೆ ಏನಾಗಬಹುದು ಎಂಬುದಕ್ಕೆ ಲೆನೊವೊ ಕಂಪನಿಯ ಪ್ರಸಂಗ ನೋಡಿ.

2014ರ ಸೆಪ್ಟೆಂಬರಿನಿಂದ ಆ ಕಂಪನಿ ಮಾರಿದ ಕೆಲವು ಲ್ಯಾಪ್‌ಟಾಪುಗಳಲ್ಲಿ ‘ಸೂಪರ್‌ಫಿಶ್’ ಎಂಬ ತಂತ್ರಾಂಶ ಮೊದಲೇ ಸೇರಿಕೊಂಡು ಬರುತ್ತಿತ್ತು. ಅದು ಆಂಟಿವೈರಸ್ಸೂ ಅಲ್ಲ, ನೀವು ನೋಡುವ ಪುಟಗಳಲ್ಲಿ ಜಾಹೀರಾತು ತುರುಕುವ ಸಾಧನ. ಗೂಢಲಿಪಿಯ ಪುಟಗಳಿಗೂ ಜಾಹೀರಾತು ತುರುಕಬೇಕಲ್ಲ, ಅದಕ್ಕೆ ಇದೇ ವಾರ್ಡನ್ನಮ್ಮನ ಉಪಾಯ ಹೂಡಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ ಎಲ್ಲ ಲ್ಯಾಪ್‌ಟಾಪುಗಳಲ್ಲೂ ಒಂದೇ ಮೊಹರು, ಆ ಮೊಹರಿನ ಗುಟ್ಟಿನ ಕೀಲಿಯೂ ಒಳಗೇ! 2015ರ ಫೆಬ್ರವರಿಯಲ್ಲಿ ರಾಬರ್ಟ್ ಗ್ರಹಾಂ ಎಂಬ ಭದ್ರತಾ ತಜ್ಞ ಕೆಲವೇ ಗಂಟೆಗಳಲ್ಲಿ ಆ ಕೀಲಿಯ ಪಾಸ್‌ವರ್ಡ್ ಬಿಡಿಸಿ ತೋರಿಸಿದರು. ಆ ಪಾಸ್‌ವರ್ಡ್ ಏನಿತ್ತು ಗೊತ್ತೇ? ಅದರ ಒಳಗಿನ ಭಾಗ ತಯಾರಿಸಿಕೊಟ್ಟ ‘ಕೊಮೋಡಿಯಾ’ ಕಂಪನಿಯ ಹೆಸರೇ! ಬೀಗ ಹಾಕಿ ಕೀಲಿಯನ್ನು ಬಾಗಿಲಿಗೇ ನೇತುಹಾಕಿದಂತೆ.

ಅದರ ಪರಿಣಾಮ ಎಣಿಸಿ ನೋಡಿ. ಆ ಕೀಲಿ ಹಿಡಿದ ಯಾರೇ ಆಗಲಿ, ಅಂಥ ಲ್ಯಾಪ್‌ಟಾಪ್ ಇರುವ ವೈಫೈಯಲ್ಲೇ ಕುಳಿತು “ನಾನೇ ನಿಮ್ಮ ಬ್ಯಾಂಕು” ಎಂದು ನಂಬಿಸಬಹುದಿತ್ತು. ಕೆಂಪು ತ್ರಿಕೋನ ಬರುತ್ತಲೇ ಇರಲಿಲ್ಲ. ಲೆನೊವೊ ಅದನ್ನು ಮಾರುವುದನ್ನು ನಿಲ್ಲಿಸಿ, ಕಿತ್ತುಹಾಕುವ ಸಾಧನವನ್ನೂ ಕೊಟ್ಟಿತು. 2017ರ ಸೆಪ್ಟೆಂಬರಿನಲ್ಲಿ ಅಮೆರಿಕದ 32 ರಾಜ್ಯಗಳ ಜೊತೆ ರಾಜಿಯಾಗಿ 35 ಲಕ್ಷ ಡಾಲರ್ ತೆರಬೇಕಾಯಿತು.

ಅದು ಜಾಹೀರಾತಿನವರ ಕೆಲಸ, ಆಂಟಿವೈರಸ್ ಕಂಪನಿಗಳು ಹಾಗಲ್ಲ ಅನ್ನಬೇಡಿ. ಹೆಸರಾಂತ ಕ್ಯಾಸ್ಪರ್‌ಸ್ಕೀ ಆಂಟಿವೈರಸ್ ತಾನು ನೋಡಿದ ಸರ್ಟಿಫಿಕೇಟುಗಳನ್ನು ಗುರುತಿಟ್ಟುಕೊಳ್ಳುವ ರೀತಿಯಲ್ಲೇ ಹುಳುಕಿದೆ ಎಂದು ಗೂಗಲ್‌ನ ಟ್ಯಾವಿಸ್ ಆರ್ಮಂಡಿ 2016ರ ನವೆಂಬರಿನಲ್ಲಿ ಪತ್ತೆ ಮಾಡಿದರು. ಗುರುತು ತೀರ ಚಿಕ್ಕದಾಗಿದ್ದರಿಂದ ಒಂದು ತಾಣದ ಸರ್ಟಿಫಿಕೇಟನ್ನು ಇನ್ನೊಂದರದು ಎಂದು ಅದು ಭ್ರಮಿಸುವಂತೆ ಮಾಡಬಹುದಿತ್ತು. ಡಿಸೆಂಬರ್ ಕೊನೆಗೆ ಕಂಪನಿ ಅದನ್ನು ಸರಿಪಡಿಸಿತು. 2017ರಲ್ಲಿ ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳ ಸಂಶೋಧಕರು ಗೂಗಲ್, ಮೊಜಿಲ್ಲಾ, ಕ್ಲೌಡ್‌ಫ್ಲೇರ್‌ನವರ ಜೊತೆ ಸೇರಿ ಲೆಕ್ಕ ತೆಗೆದರು. ಅವರು ನೋಡಿದ ವ್ಯಾಪಾರದ ತಾಣಗಳಿಗೆ ಬಂದ ಸಂಪರ್ಕಗಳಲ್ಲಿ ನೂರಕ್ಕೆ 6ಕ್ಕಿಂತ ಹೆಚ್ಚು ಹೀಗೆ ನಡುವೆ ಒಡೆದು ಬಂದವು. ಹಾಗೆ ಒಡೆದು ಮತ್ತೆ ಕಟ್ಟಿದ್ದರಲ್ಲಿ ಹಲವು ಮೊದಲಿಗಿಂತ ಸಡಿಲವಾಗಿಯೇ ಕಟ್ಟಿದ್ದವು.

ಇದಕ್ಕಿಂತ ದೊಡ್ಡ ಹಾನಿ ನಮ್ಮ ಮನೆಯೊಳಗೇ ಆಗುತ್ತದೆ ಎಂಬುದು ನನ್ನ ಅನಿಸಿಕೆ. ಸುಳ್ಳೇ ಹತ್ತು ಸಲ ಎಚ್ಚರಿಕೆ ಬಂದರೆ ಹನ್ನೊಂದನೆಯ ಸಲ ನಾವು ಓದುವುದೇ ಇಲ್ಲ. “ಇದು ಯಾವಾಗಲೂ ಹೀಗೇ” ಎಂದು ಬೆರಳು ತಾನಾಗಿ ‘ಪ್ರೊಸೀಡ್’ ಒತ್ತುತ್ತದೆ. ನಿಜವಾದ ಕಳ್ಳ ಬರುವುದು ಆ ಹನ್ನೊಂದನೆಯ ಸಲ. ಒಟಿಪಿ ಬರುತ್ತದಲ್ಲ ಅಂತ ಧೈರ್ಯವೇ? ನಡುವೆ ಕುಳಿತವನ ಪುಟದಲ್ಲಿ ನೀವು ಒಟಿಪಿ ಹಾಕಿದರೆ ಅದೂ ಅವನ ಕೈಗೇ.

ಹಾಗಾದರೆ ಮಾಡುವುದೇನು?

ಕೆಂಪು ಪುಟ ಬಂದರೆ ಮೊದಲು ಪರದೆಯ ಮೂಲೆಯ ತಾರೀಖು, ವೇಳೆ ನೋಡಿ. ನಗಬೇಡಿ! ತಿಂಗಳುಗಟ್ಟಲೆ ಮುಚ್ಚಿಟ್ಟ ಹಳೆಯ ಕಂಪ್ಯೂಟರಿನೊಳಗೆ ಬಿಲ್ಲೆಯಂಥ ಪುಟ್ಟ ಸೆಲ್ ಸತ್ತುಹೋಗಿ, ಗಡಿಯಾರ ಹತ್ತು ವರ್ಷ ಹಿಂದಕ್ಕೆ ಓಡಿರುತ್ತದೆ. ಬ್ರೌಸರಿನ ಲೆಕ್ಕದಲ್ಲಿ ಬ್ಯಾಂಕಿನ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ತಾರೀಖು ಸರಿಮಾಡಿದರೆ ಮುಗಿಯಿತು. ಮತ್ತೆ ಮತ್ತೆ ಹಿಂದೋಡಿದರೆ ಸೆಲ್ ಬದಲಿಸಿ, ಅದಕ್ಕೆ ಹೆಚ್ಚು ಖರ್ಚೇನೂ ಇಲ್ಲ.

ತಾರೀಖು ಸರಿಯಿದೆಯೇ? ಈಗ ಇನ್ನೆರಡು ತಾಣ ತೆರೆದು ನೋಡಿ. ಒಂದರಲ್ಲಿ ಮಾತ್ರ ತೊಂದರೆಯಿದ್ದರೆ ಅವರೇ ಸರ್ಟಿಫಿಕೇಟ್ ನವೀಕರಿಸಲು ಮರೆತಿರಬಹುದು, ನೀವು ಮಾಡುವುದೇನೂ ಇಲ್ಲ. ವೈಫೈ ಆರಿಸಿ ಮೊಬೈಲಿನ ಡೇಟಾದಲ್ಲಿ ಅದೇ ತಾಣ ನೋಡಿ, ಅಲ್ಲೂ ಕೆಟ್ಟಿದ್ದರೆ ಖಾತ್ರಿ. ಎಲ್ಲ ತಾಣಗಳಿಗೂ ಕೆಂಪು ಪುಟವೇ ಬಂದು, ಮೊಬೈಲಿನಲ್ಲಿ ಎಲ್ಲವೂ ಸರಿಯಿದ್ದರೆ ಕಿತಾಪತಿ ನಿಮ್ಮ ಕಂಪ್ಯೂಟರಿನೊಳಗೋ ವೈಫೈಯಲ್ಲೋ ಇದೆ. ರೈಲ್ವೆ ಸ್ಟೇಷನ್, ಹೋಟೆಲುಗಳ ಪುಕ್ಕಟೆ ವೈಫೈಯಲ್ಲಿ ಹೀಗಾದರೆ ತನಿಖೆಯ ಗೋಜಿಗೇ ಹೋಗಬೇಡಿ, ಆರಿಸಿಬಿಡಿ.

ಮನೆಯಲ್ಲಾದರೆ ರುಜು ಯಾರದೆಂದು ಓದಬೇಕು. ಕ್ರೋಮ್‌ನ ಎಚ್ಚರಿಕೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸರ್ಟ್ ಅಥಾರಿಟಿ ಇನ್‌ವ್ಯಾಲಿಡ್’ ಎಂದು ಕೊನೆಯಾಗುವ ಒಂದು ಸಾಲಿರುತ್ತದೆ. ಅದರ ಮೇಲೆ ಒತ್ತಿದರೆ ಕೆಳಗೆ ವಿವರ ಬಿಚ್ಚಿಕೊಳ್ಳುತ್ತದೆ. ಅದರಲ್ಲಿ ‘ಇಷ್ಯೂಯರ್’ ಎಂದಿರುವ ಕಡೆ ರುಜು ಹಾಕಿದವರ ಹೆಸರು. ಫೈರ್‌ಫಾಕ್ಸ್‌ನಲ್ಲಿ ‘ಅಡ್ವಾನ್ಸ್‌ಡ್’ ಒತ್ತಿ ‘ವ್ಯೂ ಸರ್ಟಿಫಿಕೇಟ್’ ಎಂಬಲ್ಲಿ ನೋಡಬೇಕು. ಅಲ್ಲಿ ಅವಾಸ್ಟ್, ಕ್ಯಾಸ್ಪರ್‌ಸ್ಕೀ, ಇಸೆಟ್, ಬಿಟ್‌ಡಿಫೆಂಡರ್ ಎಂದು ನಿಮ್ಮದೇ ಆಂಟಿವೈರಸ್ಸಿನ ಹೆಸರು ಕಂಡಿತೋ, ವಾರ್ಡನ್ನಮ್ಮ ಸಿಕ್ಕಿಬಿದ್ದರು ಅಂತಲೇ ಅರ್ಥ!

ಆಗ ಆಂಟಿವೈರಸ್ಸನ್ನೇ ಕಿತ್ತೆಸೆಯಬೇಕಾಗಿಲ್ಲ. ಮೊದಲು ಅದನ್ನು ಹೊಸ ಆವೃತ್ತಿಗೆ ಅಪ್‌ಡೇಟ್ ಮಾಡಿ, ಕಂಪ್ಯೂಟರ್ ಆರಿಸಿ ಮತ್ತೆ ಹಾಕಿ. ಅಷ್ಟಕ್ಕೂ ಬಗ್ಗದಿದ್ದರೆ ಕಾಗದ ಒಡೆಯುವ ಆ ಒಂದು ಕೆಲಸವನ್ನು ಮಾತ್ರ ನಿಲ್ಲಿಸಿ. ಅವಾಸ್ಟ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ‘ವೆಬ್ ಶೀಲ್ಡ್’ ವಿಭಾಗದಲ್ಲಿ ‘ಎನೇಬಲ್ ಎಚ್‌ಟಿಟಿಪಿಎಸ್ ಸ್ಕ್ಯಾನಿಂಗ್’ ಎಂದಿರುತ್ತದೆ, ಅದರ ಗುರುತು ತೆಗೆದರಾಯಿತು. ಬಿಟ್‌ಡಿಫೆಂಡರ್‌ನಲ್ಲಿ ‘ಎನ್‌ಕ್ರಿಪ್ಟೆಡ್ ವೆಬ್ ಸ್ಕ್ಯಾನ್’. ಬೇರೆಯವುಗಳಲ್ಲೂ ‘ಎಸ್‌ಎಸ್‌ಎಲ್’ ಅಥವಾ ‘ಎನ್‌ಕ್ರಿಪ್ಟೆಡ್ ಕನೆಕ್ಷನ್ಸ್’ ಎಂಬ ಮಾತನ್ನು ಹುಡುಕಿ. ಇದನ್ನು ನಿಲ್ಲಿಸಿದರೂ ಡೌನ್‌ಲೋಡ್ ಆಗಿ ಕಂಪ್ಯೂಟರಿಗೆ ಇಳಿದ ಕಡತಗಳನ್ನು ಆಂಟಿವೈರಸ್ ಎಂದಿನಂತೆ ಪರೀಕ್ಷಿಸುತ್ತಲೇ ಇರುತ್ತದೆ. ಅವಧಿ ಮುಗಿದು ಕೂತಿರುವ ಆಂಟಿವೈರಸ್ ಆದರೆ ಪೂರ್ತಿ ತೆಗೆಸಿಬಿಡುವುದೇ ಲೇಸು. ವಿಂಡೋಸ್ 10, 11ರ ಜೊತೆ ಮೈಕ್ರೋಸಾಫ್ಟ್‌ನವರ ಡಿಫೆಂಡರ್ ಬಿಟ್ಟಿಯಾಗಿಯೇ ಬಂದಿರುತ್ತದೆ. ಅದು ಹೀಗೆ ಬ್ರೌಸರಿನ ಮುಂದೆ ತನ್ನ ಸರ್ಟಿಫಿಕೇಟ್ ಹಿಡಿಯುವುದಿಲ್ಲ. ಮೊಜಿಲ್ಲಾದಲ್ಲಿ ಬಹುಕಾಲ ದುಡಿದ ರಾಬರ್ಟ್ ಓ’ಕ್ಯಾಲಹನ್ 2017ರಲ್ಲಿ, ಮೈಕ್ರೋಸಾಫ್ಟ್‌ನದೊಂದನ್ನು ಬಿಟ್ಟು ಉಳಿದ ಆಂಟಿವೈರಸ್‌ಗಳನ್ನು ತೆಗೆದುಹಾಕಿ ಎಂದೇ ಬರೆದರು. ಅಷ್ಟು ದೂರ ಹೋಗಬೇಕೇ ಎಂಬುದನ್ನು ನಿಮಗೇ ಬಿಡುತ್ತೇನೆ.

ರುಜುವಿನ ಜಾಗದಲ್ಲಿ ನಿಮ್ಮ ಆಂಟಿವೈರಸ್ಸೂ ಅಲ್ಲದ, ಕೇಳರಿಯದ ಹೆಸರೊಂದು ಕಂಡರೆ ಮಾತ್ರ ಎಚ್ಚರ. ಪುಕ್ಕಟೆ ಸಿಗುತ್ತದೆಂದು ಹಾಕಿಸಿಕೊಂಡ ಕಳ್ಳ ತಂತ್ರಾಂಶದ ಜೊತೆ ಯಾವುದೋ ಸೂಪರ್‌ಫಿಶ್‌ನ ತಮ್ಮ ಒಳಹೊಕ್ಕಿರಬಹುದು. ಆ ಕಂಪ್ಯೂಟರಿನಲ್ಲಿ ಹಣದ ವ್ಯವಹಾರ ನಿಲ್ಲಿಸಿ. ಬೇರೆ ಮೊಬೈಲಿನಿಂದ ಬ್ಯಾಂಕಿನ ಪಾಸ್‌ವರ್ಡ್ ಬದಲಿಸಿ. ಆಮೇಲೆ ಅಂಗಡಿಯ ಹುಡುಗ ಹೇಳಿದ ಫಾರ್ಮ್ಯಾಟ್ ಮಾಡಿಸಿದರೆ ಅರ್ಥವಿದೆ. ಹಣವೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ ದೂರು ಕೊಡಿ.

ಮಗರಾಯ ಹೇಳಿದ ‘ಮುಂದಕ್ಕೆ ಹೋಗು’ ಮಾತ್ರ ಬೇಡವೇ ಬೇಡ. ಎಷ್ಟೋ ಬ್ಯಾಂಕಿನ ತಾಣಗಳಲ್ಲಿ ಹಾಗೆ ದಾಟುವ ಗುಂಡಿಯನ್ನೇ ಬ್ರೌಸರ್ ತೋರಿಸುವುದಿಲ್ಲ. ಅದನ್ನು ತಪ್ಪಿಸುವ ಉಪಾಯ ಹುಡುಕುವುದೂ ಬೇಡ.

ಇನ್ನೊಂದು ಮಾತು, ಯಜಮಾನರೋ ಮಗಳೋ ಆಫೀಸಿನ ಲ್ಯಾಪ್‌ಟಾಪ್ ಮನೆಗೆ ತರುವವರಿದ್ದರೆ. ಅನೇಕ ಕಂಪನಿಗಳು ತಮ್ಮ ನೌಕರರ ಲ್ಯಾಪ್‌ಟಾಪಿನಲ್ಲಿ ಇದೇ ರೀತಿ ಕಾಗದ ಒಡೆದು ನೋಡುತ್ತವೆ. ಅದು ಅವರ ಯಂತ್ರ, ಅವರಿಗೆ ಹಕ್ಕಿದೆ. ಕಂಪನಿಯ ಹೆಸರು ಪಟ್ಟಿಯಲ್ಲಿ ಸೇರಿರುವುದರಿಂದ ಕೆಂಪು ಪುಟವೂ ಬರುವುದಿಲ್ಲ. ನಿಮ್ಮ ಖಾತೆ, ನಿಮ್ಮ ಡಾಕ್ಟರ ರಿಪೋರ್ಟು, ತವರಿಗೆ ಬರೆಯುವ ಕಾಗದ ಇವನ್ನು “ಇಲ್ಲೇ ಇದೆಯಲ್ಲ” ಎಂದು ಅದರಲ್ಲಿ ತೆರೆಯಬೇಡಿ.

ಇನ್ನು ಮೊಬೈಲು. 2016ರಲ್ಲಿ ಬಂದ ಆಂಡ್ರಾಯ್ಡ್ 7ರಿಂದ ಈಚೆಗೆ, ಫೋನಿಗೆ ನಾವು ಸೇರಿಸಿದ ಹೊರಗಿನ ಸರ್ಟಿಫಿಕೇಟನ್ನು ಬ್ಯಾಂಕಿನಂಥ ಆ್ಯಪ್‌ಗಳು ತಾವಾಗಿ ನಂಬುವುದಿಲ್ಲ. ಬ್ರೌಸರಿನ ಮಾತು ಬೇರೆ. ಆದ್ದರಿಂದ “ಈ ಸರ್ಟಿಫಿಕೇಟ್ ಇನ್‌ಸ್ಟಾಲ್ ಮಾಡಿಕೊಳ್ಳಿ” ಎಂದು ಯಾರೇ ಹೇಳಿದರೂ ಕೈಹಾಕಬೇಡಿ. 2019ರ ಜುಲೈನಲ್ಲಿ ಕಜಕಿಸ್ತಾನದ ಸರ್ಕಾರವೇ ತನ್ನ ಜನರಿಗೆ ಹಾಗೆ ಹೇಳಿತ್ತು. ಅದನ್ನು ಹಾಕಿಕೊಂಡವರ ಗೂಢಲಿಪಿಯೆಲ್ಲ ಸರ್ಕಾರದ ಕಣ್ಣಿಗೆ ತೆರೆದ ಪುಸ್ತಕವಾಗುತ್ತಿತ್ತು. ಆಗಸ್ಟ್‌ನಲ್ಲಿ ಗೂಗಲ್, ಮೊಜಿಲ್ಲಾ, ಆಪಲ್ ಮೂವರೂ ಆ ಸರ್ಟಿಫಿಕೇಟನ್ನು ತಮ್ಮ ಬ್ರೌಸರುಗಳಲ್ಲಿ ನಿಷೇಧಿಸಿಬಿಟ್ಟರು. ನಿಮ್ಮ ಆಂಡ್ರಾಯ್ಡ್ ಫೋನಿನಲ್ಲಿ ಅಂಥದ್ದೇನಾದರೂ ಇದೆಯೇ ನೋಡಬೇಕಾದರೆ ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ ‘ಟ್ರಸ್ಟೆಡ್ ಕ್ರೆಡೆನ್ಷಿಯಲ್ಸ್’ ಎಂದು ಹಾಕಿ. ಎರಡು ವಿಭಾಗ ಬರುತ್ತವೆ. ‘ಸಿಸ್ಟಮ್’ ಎಂಬುದರಲ್ಲಿ ಉದ್ದನೆಯ ಪಟ್ಟಿ ಇರುತ್ತದೆ, ಅದನ್ನು ಮುಟ್ಟಬೇಡಿ. ‘ಯೂಸರ್’ ಎಂಬುದು ಮನೆಬಳಕೆಯ ಫೋನಿನಲ್ಲಿ ಸಾಮಾನ್ಯವಾಗಿ ಖಾಲಿ ಇರುತ್ತದೆ. ಅಲ್ಲಿ ಯಾವುದಾದರೂ ಹೆಸರು ಕಂಡರೆ ಹಾಕಿದವರು ಯಾರು, ಯಾತಕ್ಕೆ ಎಂದು ಮನೆಯವರನ್ನೆಲ್ಲ ಕೇಳಿ. ಯಾರಿಗೂ ಗೊತ್ತಿಲ್ಲದಿದ್ದರೆ ಆ ಹೆಸರಿನ ಮೇಲೆ ಒತ್ತಿ, ಅಲ್ಲಿಯೇ ತೆಗೆದುಹಾಕಬಹುದು.